ಕ್ರೋಶಾ ಈಜುಡುಗೆಗೆ ಯಾವ ದಾರ? ನಾನು ಹೆಣೆದದ್ದು ಸಮುದ್ರದಲ್ಲಿ ಜೋತು ಬಿತ್ತು

ದಾರದುಂಡೆ, ಬೆಂಗಳೂರು
ಎಲ್ಲರಿಗೂ ನಮಸ್ಕಾರ. ತಂಗಿ ಗೋಕರ್ಣಕ್ಕೆ ಹೊರಟಿದ್ದಳು, ಅವಳಿಗೆ ಎರಡು ಪೀಸಿನ ಈಜುಡುಗೆ ಹೆಣೆದುಕೊಟ್ಟೆ. ಚಿಕ್ಕಪೇಟೆಯಲ್ಲಿ ತಂದ ನಾಲ್ಕು ಎಳೆಯ ಕಾಟನ್ ದಾರ, 3.5 ಮಿ.ಮೀ. ಕಡ್ಡಿ. ಮನೆಯಲ್ಲಿ ಹಾಕಿ ನೋಡಿದಾಗ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಓಂ ಬೀಚಿನಲ್ಲಿ ಮೊದಲನೇ ಅಲೆ ಬಂದು ಹಿಂದೆ ಸರಿಯುವ ಹೊತ್ತಿಗೆ ಕೆಳಗಿನ ಪೀಸು ನೀರು ಕುಡಿದು ತೊಡೆಗೆ ಇಳಿದಿತ್ತಂತೆ. ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದು ಟವೆಲ್ ಸುತ್ತಿಕೊಂಡಳು. ಆಮೇಲೆ ಇಡೀ ದಿನ ನೀರಿಗೇ ಇಳಿಯಲಿಲ್ಲ. ಮೂರು ವಾರ ಕೂತು ಹೆಣೆದದ್ದು ಹೋಯಿತು ಅನ್ನುವುದಕ್ಕಿಂತ ಅವಳ ದಿನ ಹಾಳಾಯಿತಲ್ಲ, ಅದೇ ಬೇಜಾರು.

ಈಗ ಅವಳೇ ಇನ್ನೊಂದು ಕೇಳುತ್ತಿದ್ದಾಳೆ, ಡಿಸೆಂಬರಿನಲ್ಲಿ ಮಲ್ಪೆಗೆ ಹೋಗುವಾಗ ಬೇಕಂತೆ. ಈ ಸಲ ತಪ್ಪಬಾರದು. ಕಾಟನ್ನೇ ಬೇಡವಾ? ಉಲ್ಲನ್ ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಆಗುತ್ತದಾ? ಬ್ಯಾಗ್ ಹೆಣೆಯುವ ನೈಲಾನ್ ದಾರ? ಎಲಾಸ್ಟಿಕ್ ಸೇರಿಸಿದ ಕಾಟನ್ ದಾರ ಅಂತ ಒಂದಿದೆಯಂತೆ, ಅದನ್ನು ಯಾರಾದರೂ ಬಳಸಿದ್ದೀರಾ? ನೀರಿಗೆ ಇಳಿಸಿ ನೋಡಿದವರು ದಯವಿಟ್ಟು ಹೇಳಿ. ಫೋಟೋದಲ್ಲಿ ಚೆನ್ನಾಗಿ ಕಾಣುವುದು ನನ್ನದೂ ಇತ್ತು.

ಮೈಸೂರು ಹೆಣಿಗೆ
ಮಗಳೇ, ದಾರದ ಮಾತು ಆಮೇಲೆ. ಯಾವ ಹೊಲಿಗೆ ಹಾಕಿದ್ದೆ? ಒಳಗೆ ಲೈನಿಂಗ್ ಕೊಟ್ಟಿದ್ದೆಯಾ? ಸೊಂಟದ ಪಟ್ಟಿಯಲ್ಲಿ ಎಲಾಸ್ಟಿಕ್ ಇತ್ತಾ? ಭುಜದ ದಾರ ಬರೀ ಚೈನ್ ಹೊಲಿಗೆಯಾ?

ದಾರದುಂಡೆ, ಬೆಂಗಳೂರು
ಅಮ್ಮ, ಪೂರ್ತಿ ಡಬಲ್ ಕ್ರೋಶಾ, ಅಂಚಿಗೆ ಶೆಲ್, ಅದೇ ಚಿಪ್ಪಿನ ಆಕಾರದ ಹೊಲಿಗೆ. ಲೈನಿಂಗ್ ಇಲ್ಲ. ಎಲಾಸ್ಟಿಕ್ ಇಲ್ಲ. ಭುಜಕ್ಕೆ ಬರೀ ಚೈನು.

ಮೈಸೂರು ಹೆಣಿಗೆ
ಡಬಲ್ ಅಂದರೆ ಅಮೆರಿಕದವರ ಡಬಲ್ಲೋ ಬ್ರಿಟಿಷರದ್ದೋ? ನಮ್ಮ ಹಳೆಯ ಪುಸ್ತಕಗಳಲ್ಲಿ ಬ್ರಿಟಿಷ್ ಲೆಕ್ಕ, ವಿಡಿಯೋಗಳಲ್ಲಿ ಹೆಚ್ಚಾಗಿ ಅಮೆರಿಕದ ಲೆಕ್ಕ. ಬ್ರಿಟಿಷರ ಡಬಲ್ ಅಂದರೆ ಅಮೆರಿಕದವರ ಸಿಂಗಲ್. ನೀನು ಹಾಕಿದ್ದು ಕಡ್ಡಿಗೆ ಒಂದು ಸುತ್ತು ಸುತ್ತಿ ಎಳೆಯುವ ಉದ್ದನೆಯದಾದರೆ ಅದು ಜೋಲು ಬೀಳುವುದೇ. ಗೋಡೆಗೆ ಇಟ್ಟಿಗೆ ಬಿಟ್ಟು ಬಿಟ್ಟು ಇಟ್ಟ ಹಾಗೆ. ಈಜುವ ಬಟ್ಟೆಗೆ ಸುತ್ತು ಹಾಕದ ಗಿಡ್ಡ ಹೊಲಿಗೆ, ಅಂದರೆ ಅಮೆರಿಕದವರ ಸಿಂಗಲ್ಲೇ ಸರಿ, ಅದೂ ಹಿಂದಿನ ಕುಣಿಕೆಯಲ್ಲಿ ಮಾತ್ರ ಕಡ್ಡಿ ತೂರಿಸಿ. ಸ್ವೆಟರಿನ ಕೈಪಟ್ಟಿಯ ಹಾಗೆ ಗೆರೆಗೆರೆ ಬರುತ್ತದೆ, ಎಳೆದರೆ ಹಿಗ್ಗಿ ತಿರುಗಿ ಕೂಡಿಕೊಳ್ಳುತ್ತದೆ.

ನೂಲು ದಾವಣಗೆರೆ
ಅಮ್ಮ ಹೇಳಿದ್ದು ಸರಿ. ದಾರದ ಕಡೆಯಿಂದ ನಾನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನೂಲಿನ ಮಿಲ್ಲಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು, ಮೊದಲಿನಿಂದ ಹೇಳದೆ ಸಮಾಧಾನವಿಲ್ಲ.

ದಾರಕ್ಕೆ ನೀರು ಎರಡು ರೀತಿ ಹತ್ತುತ್ತದೆ. ಒಂದು, ನಾರಿನ ಒಳಗೇ ಹೋಗುವ ನೀರು. ಇನ್ನೊಂದು, ನಾರು ನಾರಿನ ಸಂದಿಯಲ್ಲಿ, ಹೊಲಿಗೆಯ ಸಂದಿಯಲ್ಲಿ ನಿಲ್ಲುವ ನೀರು. ಮೊದಲನೆಯದಕ್ಕೆ ನಮ್ಮಲ್ಲಿ ಒಂದು ಅಳತೆ ಇದೆ. 65% ತೇವದ ಗಾಳಿಯಲ್ಲಿ ಇಟ್ಟರೆ ಒಣ ನಾರು ತನ್ನ ತೂಕಕ್ಕೆ ಎಷ್ಟು ತೇವ ಎಳೆದುಕೊಳ್ಳುತ್ತದೆ ಅಂತ. ಹತ್ತಿ ಸುಮಾರು 8.5%, ಉಣ್ಣೆ 16%, ಮರದ ತಿರುಳಿನಿಂದ ಮಾಡುವ ವಿಸ್ಕೋಸ್ 13%ರ ಆಸುಪಾಸು. ನೈಲಾನ್ 4%. ಅಕ್ರಿಲಿಕ್ ಒಂದೂವರೆಯಿಂದ ಎರಡು. ಪಾಲಿಯೆಸ್ಟರ್ ಬರೀ 0.4%. ಗಾಳಿಯಲ್ಲೇ ಇಷ್ಟು ವ್ಯತ್ಯಾಸ, ಇನ್ನು ಸಮುದ್ರದಲ್ಲಿ ಮುಳುಗಿದರೆ ಕೇಳಬೇಕಾ?

ಆದರೆ ಅಕ್ರಿಲಿಕ್ ಹಾಕಿದರೆ ನೀರೇ ಹಿಡಿಯುವುದಿಲ್ಲ ಅಂದುಕೊಳ್ಳಬೇಡಿ. ಉಲ್ಲನ್ ದಾರ ಉಬ್ಬಿಕೊಂಡಿರುತ್ತದೆ ಅಲ್ವಾ, ಆ ಸಂದಿಗಳಲ್ಲೆಲ್ಲ ನೀರು ತುಂಬುತ್ತದೆ. ವ್ಯತ್ಯಾಸ ಏನೆಂದರೆ ಅದು ಬೇಗ ಸೋರಿಹೋಗುತ್ತದೆ, ಬೇಗ ಒಣಗುತ್ತದೆ. ಹತ್ತಿ ಹಿಡಿದ ನೀರನ್ನು ಸುಲಭಕ್ಕೆ ಬಿಡುವುದಿಲ್ಲ.

ಹತ್ತಿಯನ್ನು ಪೂರ್ತಿ ಬೈಯುವುದೂ ತಪ್ಪು. ಒದ್ದೆಯಾದಾಗ ಗಟ್ಟಿಯಾಗುವ ನಾರು ಅದು, ನೀರಿನಲ್ಲಿ ಹರಿಯುವುದಿಲ್ಲ. ಅದರ ಕೊರತೆ ಹಿಗ್ಗಿದ್ದು ತಿರುಗಿ ಕುಗ್ಗದಿರುವುದು. ನಿಮ್ಮ ತಂಗಿಗೆ ಆಗಿದ್ದು ಅದೇ: ನೀರಿನ ಭಾರ ಎಳೆಯಿತು, ಉದ್ದನೆಯ ಹೊಲಿಗೆ ದಾರಿ ಬಿಟ್ಟಿತು, ವಾಪಸು ಎಳೆಯಲು ಏನೂ ಇರಲಿಲ್ಲ.

ಬ್ಯಾಂಬೂ ಅಂತ ಮಾರುವ ದಾರ ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ. ಮೈಗೆ ರೇಷ್ಮೆ ಹಾಗೆ ಹಿತ. ಆದರೆ ಹೆಚ್ಚಿನವು ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸ್. ಒದ್ದೆಯಾದರೆ ಸಾಮಾನ್ಯ ವಿಸ್ಕೋಸಿನ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ.

ಕರಾವಳಿ ಕುಣಿಕೆ
ಸರ್, ಮರ್ಸರೈಸ್ಡ್ ಕಾಟನ್ ತೆಗೆದುಕೊಂಡರೆ ಈ ತೊಂದರೆ ಇಲ್ಲ ಅಂತ ಎಲ್ಲ ಕಡೆ ಹೇಳುತ್ತಾರಲ್ಲ. ನಾನು ಅದರಲ್ಲೇ ಎರಡು ಮಾಡಿದ್ದೇನೆ, ಎರಡೂ ಚೆನ್ನಾಗಿಯೇ ಇವೆ ಮಾರಾಯ್ರೆ.

ನೂಲು ದಾವಣಗೆರೆ
ಚೆನ್ನಾಗಿ ಇರುವುದಕ್ಕೆ ಕಾರಣ ಬೇರೆ ಇರಬೇಕು. ಮರ್ಸರೈಸ್ ಅಂದರೆ ಬಿಗಿಯಾಗಿ ಎಳೆದು ಹಿಡಿದು ಕಾಸ್ಟಿಕ್ ಸೋಡಾದಲ್ಲಿ ಅದ್ದುವುದು. ಜಾನ್ ಮರ್ಸರ್ ಎಂಬ ಇಂಗ್ಲೆಂಡಿನವರು ಸೋಡಾದ ಗುಣ ಕಂಡುಹಿಡಿದರು, ಎಳೆದು ಹಿಡಿದರೆ ಹೊಳಪು ಬರುತ್ತದೆ ಅನ್ನುವುದು 1890ರ ಸುಮಾರಿಗೆ ಗೊತ್ತಾಯಿತು. ಹೊಳಪು ಬರುತ್ತದೆ, ಬಲ ಬರುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ನೀರು ಕುಡಿಯುವುದು ಕಡಿಮೆಯಾಗುವುದಿಲ್ಲ, ಸ್ವಲ್ಪ ಜಾಸ್ತಿಯೇ ಆಗುತ್ತದೆ. ನೀವು ಸಣ್ಣ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆದಿದ್ದೀರಾ?

ಕರಾವಳಿ ಕುಣಿಕೆ
ಹೌದು, 2 ಮಿ.ಮೀ. ಕಡ್ಡಿ. ತೆಳು ದಾರ. ಎರಡು ಬದಿಯಲ್ಲೂ ಕಟ್ಟುವ ಲಾಡಿ ಇದೆ, ನೀರಿಗೆ ಇಳಿದ ಮೇಲೆ ಸಡಿಲವಾದರೆ ಅಲ್ಲೇ ಇನ್ನೊಮ್ಮೆ ಬಿಗಿ ಮಾಡುತ್ತೇನೆ.

ಹಾಂಬುರ್ಗ್ ಮಲ್ಲಿಗೆ
ಅದೇ ಗುಟ್ಟು ಅಕ್ಕ. ಬ್ರೆಜಿಲ್‌ನವರು ಹೆಣೆಯುವುದನ್ನು ನೋಡಿ. ಕ್ರೋಶಾ ಬಿಕಿನಿ ಅಲ್ಲಿ ಬೀಚಿನ ಮಾಮೂಲಿ ಉಡುಪು, ಕಾಟನ್ನಿನಲ್ಲೇ ಧಾರಾಳವಾಗಿ ಹೆಣೆಯುತ್ತಾರೆ. ಸಿರ್ಕುಲೋ ಅನ್ನುವ ಅಲ್ಲಿನ ಕಂಪನಿಯ ಆನ್ನೆ ದಾರ ಮರ್ಸರೈಸ್ಡ್ ಕಾಟನ್ನೇ. 147 ಗ್ರಾಂ ಉಂಡೆಯಲ್ಲಿ 500 ಮೀಟರ್ ಇರುತ್ತದೆ, ಅಷ್ಟು ತೆಳು. ಪೀಸು ಚಿಕ್ಕದು, ಬದಿಯಲ್ಲಿ ಲಾಡಿ, ಒಳಗೆ ಲೈನಿಂಗ್. ದಾರವೇ ಕಡಿಮೆ ಆದಾಗ ನೀರಿನ ಭಾರವೂ ಕಡಿಮೆ. ಅದೇ ದಾರದಲ್ಲಿ ಹೊಟ್ಟೆ ಮುಚ್ಚುವ ಒಂದೇ ಪೀಸಿನದು ಹೆಣೆದರೆ ಭುಜದಿಂದ ಎಲ್ಲ ಭಾರ ತೂಗುತ್ತದೆ. ನಾನು ಹಾಗೆ ಮಾಡಿ, ಇಲ್ಲಿನ ಕೆರೆಯಿಂದ ಎದ್ದು ಬರುವಾಗ ಕುತ್ತಿಗೆ ನೋವು ಬಂತು.

ಎಲಾಸ್ಟಿಕ್ ದಾರದ ಬಗ್ಗೆ: ನಾನು ಬಳಸಿದ್ದು ಕ್ಯಾಸ್ಕೇಡ್ ಫಿಕ್ಸೇಷನ್. 98.3% ಹತ್ತಿ, 1.7% ಎಲಾಸ್ಟಿಕ್. ಅಷ್ಟರಿಂದ ಏನಾಗುತ್ತದೆ ಅನಿಸಬಹುದು, ಆದರೆ 50 ಗ್ರಾಂ ಉಂಡೆ ಸುಮ್ಮನೆ ಬಿಟ್ಟರೆ 100 ಗಜ, ಎಳೆದರೆ 186 ಗಜ. ಹೆಣೆಯುವುದು ಸುಲಭವಲ್ಲ. ಒಂದು ಸಾಲು ಎಳೆದು ಹೆಣೆದು ಇನ್ನೊಂದು ಸಾಲು ಬಿಟ್ಟು ಹೆಣೆದರೆ ಬಟ್ಟೆ ಅಲೆಅಲೆಯಾಗುತ್ತದೆ. ಉಂಡೆಯಿಂದ ಮೊದಲೇ ಒಂದೆರಡು ಮೊಳ ಬಿಡಿಸಿಟ್ಟು, ಅದು ಸಡಿಲವಾದ ಮೇಲೆ ಹೆಣೆಯಬೇಕು. ಇದೂ ಹತ್ತಿಯೇ, ನೀರು ಕುಡಿಯುತ್ತದೆ, ನಿಧಾನವಾಗಿ ಒಣಗುತ್ತದೆ. ಆದರೆ ಮೈ ಬಿಡುವುದಿಲ್ಲ.

ಇನ್ನೊಂದು ಬೆರೊಕ್ಕೊ ಕಂಫರ್ಟ್, ಅರ್ಧ ನೈಲಾನ್ ಅರ್ಧ ಅಕ್ರಿಲಿಕ್. ಹಿಗ್ಗುವುದಿಲ್ಲ, ಆದರೆ ಹಗುರ, ಬೇಗ ಒಣಗುತ್ತದೆ, ಚುಚ್ಚುವುದಿಲ್ಲ. ಎರಡೂ ಅಮೆರಿಕದವು, ನಿಮ್ಮ ಪಕ್ಕದ ಅಂಗಡಿಯಲ್ಲಿ ಸಿಗದಿರಬಹುದು. ಹೆಸರಿಗಿಂತ ಲೇಬಲ್ ನೋಡಿ. ನೈಲಾನೋ ಪಾಲಿಯೆಸ್ಟರೋ ಸೇರಿರಬೇಕು, ಅಥವಾ ಎಲಾಸ್ಟಿಕ್ ಅಂಶ ಇರಬೇಕು. ನಾನು ಜನವರಿಯಲ್ಲಿ ಊರಿಗೆ ಬರುವಾಗ ತರಬಹುದಿತ್ತು, ಡಿಸೆಂಬರಿಗೆ ಆಗುವುದಿಲ್ಲ. ನನ್ನ ಅತ್ತಿಗೆ ಜಯನಗರದಲ್ಲಿದ್ದಾಳೆ, ಅವಳ ಹತ್ತಿರ ನಾನು ಕೊಟ್ಟ ಎರಡೂ ದಾರ ಸ್ವಲ್ಪ ಸ್ವಲ್ಪ ಉಳಿದಿವೆ. ಸ್ಯಾಂಪಲ್ಲಿಗೆ ಸಾಕು. ಕೇಳಿ ಕೊಡಿಸಲಾ?

ದಾರದುಂಡೆ, ಬೆಂಗಳೂರು
ಅಯ್ಯೋ ಖಂಡಿತ ಬೇಕು ಅಕ್ಕ! ತುಂಬಾ ಥ್ಯಾಂಕ್ಸ್.

ಮಲ್ಪೆ ಕಡಲು
ನೈಲಾನ್ ಬ್ಯಾಗ್ ದಾರದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಬೇಡ. ನೀರು ಹಿಡಿಯುವುದಿಲ್ಲ ನಿಜ, ಒದರಿದರೆ ಅರ್ಧ ನೀರು ಹೋಯಿತು. ಆದರೆ ಬಟ್ಟೆ ಬುಟ್ಟಿಯ ಹಾಗೆ ಸೆಟೆದು ನಿಲ್ಲುತ್ತದೆ. ಉಪ್ಪುನೀರಿನಲ್ಲಿ ಒಂದು ಗಂಟೆ ಆಡಿದ ಮೇಲೆ ತೊಡೆ ಸಂದಿ, ಕಂಕುಳು ಎಲ್ಲ ಕೆಂಪಾಗಿ ಉರಿ. ದಾರದ ತುದಿ ಬಿಚ್ಚಿಕೊಳ್ಳುತ್ತದೆ ಅಂತ ಬೆಂಕಿ ತಾಗಿಸಿ ಕರಗಿಸಿದ್ದೆ. ಆ ಗಂಟು ಗಟ್ಟಿಯಾಗಿ ಮುಳ್ಳಿನ ಹಾಗೆ ಚುಚ್ಚಿತು. ಮೈಗೆ ತಾಗುವ ಕಡೆ ತುದಿಯನ್ನು ಯಾವತ್ತೂ ಸುಡಬೇಡಿ, ಸೂಜಿಯಲ್ಲಿ ಎರಡು ಕಡೆಗೆ ತಿರುಗಿಸಿ ಒಳಗೆ ಸೇರಿಸಿ. ಈಗ ಆ ದಾರವನ್ನು ಬೀಚ್ ಬ್ಯಾಗಿಗೆ ಮಾತ್ರ ಬಳಸುತ್ತೇನೆ. ಮರಳು ಸೋರಿಹೋಗುತ್ತದೆ, ಅದಕ್ಕೆ ಅದು ಬಂಗಾರ.

ವಿಜಯನಗರ ಈಜು
ಕೊಳದಲ್ಲಿ ಹಾಕುವ ಯೋಚನೆ ಇದ್ದರೆ ಮೊದಲೇ ಹೇಳಿಬಿಡುತ್ತೇನೆ. ನಾನು ಹೋಗುವ ಈಜುಕೊಳದಲ್ಲಿ ನೈಲಾನ್ ಕಾಸ್ಟ್ಯೂಮ್ ಮತ್ತು ಟೋಪಿ ಕಡ್ಡಾಯ, ಕೈಯಲ್ಲಿ ಹೆಣೆದದ್ದು ಹಾಕಿಕೊಂಡು ಹೋದರೆ ಬಾಗಿಲಲ್ಲೇ ತಡೆದರು. ಆವತ್ತು ಕೋಪ ಬಂದಿತ್ತು. ಆಮೇಲೆ ಫಿಲ್ಟರ್ ಸ್ವಚ್ಛ ಮಾಡುವವರು ಅದರಲ್ಲಿ ಸಿಕ್ಕಿದ ಹತ್ತಿಯ ನವಿರನ್ನು ತೋರಿಸಿದರು, ಕಡ್ಡಾಯ ಯಾಕೆ ಅಂತ ಅರ್ಥವಾಯಿತು. ಕಾಟನ್ ಬಟ್ಟೆ ಬಣ್ಣವನ್ನೂ ಬಿಡುತ್ತದೆ.

ನೂಲು ದಾವಣಗೆರೆ
ಕೊಳದ ನೀರಿಗೆ ಹಾಕುವ ಕ್ಲೋರಿನ್ ಇನ್ನೊಂದು ಕೆಲಸ ಮಾಡುತ್ತದೆ. ನಾವು ಲೈಕ್ರಾ ಅನ್ನುವ ಹಿಗ್ಗುವ ನಾರು, 1958ರಲ್ಲಿ ಡುಪಾಂಟ್ ಕಂಪನಿಯಲ್ಲಿ ಹುಟ್ಟಿದ್ದು, ಅದನ್ನು ಕ್ಲೋರಿನ್ ದಿನದಿನಕ್ಕೆ ತಿನ್ನುತ್ತದೆ. ವಾರಕ್ಕೆ ನಾಲ್ಕು ದಿನ ಕೊಳಕ್ಕೆ ಹೋಗುವವರ ಕಾಸ್ಟ್ಯೂಮ್ ಹಿಂಭಾಗದಲ್ಲಿ ತೆಳುವಾಗಿ ಜೋಲು ಬೀಳುವುದು ಅದಕ್ಕೇ. ಪಾಲಿಯೆಸ್ಟರ್ ಜಾಸ್ತಿ ತಡೆಯುತ್ತದೆ. ದಿನಾ ಈಜುವವರಿಗೆ ಕ್ರೋಶಾ ಸೂಕ್ತವಲ್ಲ, ಅಂಗಡಿಯದೇ ಕೊಳ್ಳಿ. ಸಮುದ್ರಕ್ಕೆ, ಹೊಳೆಗೆ, ವರ್ಷಕ್ಕೆ ನಾಲ್ಕಾರು ಸಲ ಅನ್ನುವವರಿಗೆ ಕೈಯಲ್ಲಿ ಹೆಣೆದದ್ದು ಚೆಂದ.

ಹಿಂದೆ ಹೆಣೆದ ಈಜುಡುಗೆಯನ್ನೇ ಬಹಳ ಜನ ಹಾಕುತ್ತಿದ್ದರು ಅನ್ನುವುದೂ ನೆನಪಿರಲಿ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ, ಮುಂದೆ ಜಾಂಟ್ಸನ್ ಅಂತ ಹೆಸರಾದ ಕಂಪನಿ, 1910ರ ದಶಕದಲ್ಲಿ ಸ್ವೆಟರಿನ ಕೈಪಟ್ಟಿಯ ಗೆರೆ ಹೆಣಿಗೆಯಲ್ಲೇ ಉಣ್ಣೆಯ ಈಜುಡುಗೆ ಮಾಡಿತು. ದೋಣಿ ಹುಟ್ಟು ಹಾಕುವ ಕ್ಲಬ್ಬಿನವರೊಬ್ಬರು ಕೇಳಿದ್ದಕ್ಕೆ ಶುರುವಾದದ್ದಂತೆ. ಉಣ್ಣೆ ನೀರು ಕುಡಿದು ಭಾರ ಆಗುತ್ತಿತ್ತು, ಆದರೆ ಆ ಗೆರೆ ಹೆಣಿಗೆ ಮೈಗೆ ಅಂಟಿಕೊಂಡಿರುತ್ತಿತ್ತು. ಮೈಸೂರಿನ ಅಮ್ಮ ಹೇಳಿದ ಹಿಂದಿನ ಕುಣಿಕೆಯ ಸಿಂಗಲ್ ಕ್ರೋಶಾ ಮಾಡುವುದೂ ಅದೇ ಕೆಲಸ.

ದಾರದುಂಡೆ, ಬೆಂಗಳೂರು
ಸ್ಯಾಂಪಲ್ ಮಾಡಿ ನೋಡಿದೆ! ಎರಡು ಭಾನುವಾರ ಹೋಯಿತು, ಆದರೆ ಬೇಜಾರಿಲ್ಲ.

ನಾಲ್ಕು ದಾರದಲ್ಲಿ ನಾಲ್ಕು ತುಂಡು. ಎಲ್ಲಾ 10 ಸೆಂ.ಮೀ. ಉದ್ದ ಅಗಲ, 3 ಮಿ.ಮೀ. ಕಡ್ಡಿ, ಹಿಂದಿನ ಕುಣಿಕೆಯ ಸಿಂಗಲ್. ಅಡುಗೆ ಮನೆಯ ತೂಕದ ಯಂತ್ರದಲ್ಲಿ ತೂಗಿದೆ. ಉಪ್ಪು ಹಾಕಿದ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಎತ್ತಿ, ಹಿಂಡದೆ ಎರಡು ನಿಮಿಷ ಸೋರಲು ಬಿಟ್ಟು ಮತ್ತೆ ತೂಗಿದೆ.

ಮೊದಲಿನ ಕಾಟನ್: ಒಣಗಿದ್ದಾಗ 7 ಗ್ರಾಂ, ಒದ್ದೆಯಾದಾಗ 25. ಕ್ಲಿಪ್ಪಿನಲ್ಲಿ ತೂಗುಹಾಕಿದ್ದು ಬೆಳಿಗ್ಗೆಗೆ 11 ಸೆಂ.ಮೀ. ದಾಟಿತ್ತು, ಹಾಗೇ ಉಳಿಯಿತು. ಇಡೀ ಸೊಂಟಕ್ಕೆ ಲೆಕ್ಕ ಹಾಕಿ. ಬೆಳಿಗ್ಗೆಯೂ ಒಳಗೆ ತೇವ ಇತ್ತು.

ಅಕ್ರಿಲಿಕ್: 5 ಗ್ರಾಂ ಇದ್ದದ್ದು 17. ಸರ್ ಹೇಳಿದ ಹಾಗೆ ಇದೂ ನೀರು ಹಿಡಿಯಿತು! ಆದರೆ ಟವೆಲ್ಲಿನಲ್ಲಿ ಒತ್ತಿದ್ದೇ ತಡ, ಹೆಚ್ಚು ಕಡಿಮೆ ಎಲ್ಲ ಹೋಯಿತು. ಬಟ್ಟೆ ಮಾತ್ರ ಮೆತ್ತಗೆ, ಬಿಗಿ ಇಲ್ಲ.

ಎಲಾಸ್ಟಿಕ್ ಕಾಟನ್: 7 ಗ್ರಾಂ ಇದ್ದದ್ದು 22. ಒದ್ದೆ ಇರುವಾಗಲೇ 15 ಸೆಂ.ಮೀ. ವರೆಗೆ ಎಳೆದು ಬಿಟ್ಟೆ, 10ಕ್ಕೆ ಸ್ವಲ್ಪ ಹೆಚ್ಚು ಅಷ್ಟೇ. ಮೂರು ಸಲ ಎಳೆದರೂ ಅಷ್ಟೇ. ಖುಷಿಗೆ ನನ್ನ ತಂಗಿಯನ್ನು ಕರೆದು ತೋರಿಸಿದೆ.

ನೈಲಾನ್ ಅಕ್ರಿಲಿಕ್: 5 ಗ್ರಾಂ ಇದ್ದದ್ದು 14. ಎಲ್ಲಕ್ಕಿಂತ ಮೊದಲು ಒಣಗಿತು. ಎಳೆದರೆ ಬಿಗಿಯಾಗಿ ಇರುತ್ತದೆ, ಆದರೆ ಎಲಾಸ್ಟಿಕ್‌ನಷ್ಟು ವಾಪಸು ಬರುವುದಿಲ್ಲ.

ಹೀಗಾಗಿ ಕೆಳಗಿನ ಪೀಸಿಗೆ ಎಲಾಸ್ಟಿಕ್ ಕಾಟನ್, ಮೇಲಿನದಕ್ಕೆ ನೈಲಾನ್ ಅಕ್ರಿಲಿಕ್ ಅಂತ ನನ್ನ ಯೋಚನೆ. ಎರಡು ಬೇರೆ ದಾರ ಹಾಕಿದರೆ ತಪ್ಪಾ?

ಮೈಸೂರು ಹೆಣಿಗೆ
ತಪ್ಪೇನಿಲ್ಲ. ಜಾರಬಾರದ ಕಡೆ ಹಿಗ್ಗಿ ಕುಗ್ಗುವ ದಾರ, ತೂಗುವ ಕಡೆ ಹಗುರ ದಾರ. ನಾನೂ ಹಾಗೇ ಮಾಡುತ್ತಿದ್ದೆ. ಬಣ್ಣ ಮಾತ್ರ ಹೊಂದಿಸಿಕೋ.

ಅಳತೆ ಮೈಗಿಂತ ಕಡಿಮೆ ಇರಲಿ. ಸೊಂಟದ ಕೆಳಗೆ 96 ಸೆಂ.ಮೀ. ಇದ್ದರೆ ಎಲಾಸ್ಟಿಕ್ ದಾರದಲ್ಲಿ 88 ಹೆಣೆ. ಬರೀ ಕಾಟನ್ ಆದರೆ 92, 93. ಹಾಕಿಕೊಳ್ಳುವಾಗ ಬಿಗಿ ಅನಿಸಬೇಕು, ನೀರಿನಲ್ಲಿ ಸರಿಯಾಗುತ್ತದೆ. ಸಾಲು ಮೇಲಿಂದ ಕೆಳಗೆ ಬರುವ ಹಾಗೆ ಕೂರಿಸು, ಆಗಲೇ ಗೆರೆ ಸೊಂಟದ ಸುತ್ತ ಹಿಗ್ಗುವುದು.

ಸೊಂಟ ಮತ್ತು ಕಾಲಿನ ಅಂಚಿಗೆ ಈಜುಡುಗೆಗೆ ಅಂತಲೇ ಬರುವ ರಬ್ಬರ್ ಎಲಾಸ್ಟಿಕ್ ಕೊಡು. ಪೈಜಾಮಕ್ಕೆ ಹಾಕುವ ಲಾಸ್ಟಿಕ್ ನೀರಿನಲ್ಲಿ ಸಡಿಲವಾಗುತ್ತದೆ. ಎಲಾಸ್ಟಿಕ್ಕನ್ನು ಅಂಚಿಗೆ ಹಿಡಿದುಕೊಂಡು ಅದರ ಮೇಲೇ ಸಿಂಗಲ್ ಹಾಕುತ್ತಾ ಹೋದರೆ ಒಳಗೆ ಮುಚ್ಚಿಹೋಗುತ್ತದೆ. ಭುಜಕ್ಕೆ ಚೈನ್ ಬೇಡ, ಹಿಗ್ಗಿ ಹಗ್ಗದ ಹಾಗೆ ಜೋಲುತ್ತದೆ. ಚೈನಿನ ಮೇಲೆ ಎರಡು ಬದಿಗೂ ಸಿಂಗಲ್ ಹಾಕಿ ಪಟ್ಟಿ ಮಾಡು.

ಹಾಂಬುರ್ಗ್ ಮಲ್ಲಿಗೆ
ಲೈನಿಂಗ್ ನಾಲ್ಕೂ ಕಡೆ ಹಿಗ್ಗುವ ನೈಲಾನ್ ಲೈಕ್ರಾ ಬಟ್ಟೆಯೇ ಇರಲಿ, ಹಳೆಯ ಕಾಸ್ಟ್ಯೂಮಿನಿಂದ ಕತ್ತರಿಸಿದರೂ ನಡೆಯುತ್ತದೆ. ಕೈಯಲ್ಲಿ ನೇರವಾಗಿ ಹೊಲಿದರೆ ಹಿಗ್ಗುವಾಗ ಹೊಲಿಗೆ ಪಟ್ ಅಂತ ಹರಿಯುತ್ತದೆ, ಅಂಕುಡೊಂಕಾಗಿ ಹೊಲಿಯಿರಿ. ತಿಳಿ ಬಣ್ಣದ ದಾರ ಒದ್ದೆಯಾದರೆ ಎಲ್ಲ ಕಾಣುತ್ತದೆ, ಅದಕ್ಕಾದರೂ ಲೈನಿಂಗ್ ಬೇಕೇ ಬೇಕು.

ಎರಡು ಮಕ್ಕಳಮ್ಮ, ಶಿರಸಿ
ನಡುವೆ ಒಂದು ಪ್ರಶ್ನೆ. ನಾಲ್ಕು ವರ್ಷದ ಮಗಳಿಗೆ ಹೆಣೆಯಬಹುದಾ? ಅವಳಿಗೆ ಆಕಾಶ ನೀಲಿ ಬೇಕಂತೆ.

ಮಲ್ಪೆ ಕಡಲು
ನೀಲಿ ಬೇಡ ಅಕ್ಕ, ದಯವಿಟ್ಟು. ತಿಳಿ ನೀಲಿ, ಬಿಳಿ ಎರಡೂ ನೀರಿನೊಳಗೆ ಕಾಣುವುದಿಲ್ಲ. ಮಗು ಒಂದು ಕ್ಷಣ ಮುಳುಗಿದರೆ ಹುಡುಕಲು ಕಷ್ಟ. ಕಣ್ಣಿಗೆ ಹೊಡೆಯುವ ಕಿತ್ತಳೆ, ಗುಲಾಬಿ ಹಾಕಿ. ಕುತ್ತಿಗೆಗೆ ಕಟ್ಟುವ ಉದ್ದ ಲಾಡಿ ಬೇಡ. ದೊಡ್ಡ ತೂತಿನ ಹೊಲಿಗೆಯೂ ಬೇಡ, ಬೆರಳು ಸಿಕ್ಕಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಚಿಕ್ಕ ಮಕ್ಕಳಿಗೆ ಅಂಗಡಿಯ ಉಡುಪು ಹಾಕಿ, ಮೇಲೆ ಹಾಕಲು ಒಂದು ಹೂವಿನ ಟೋಪಿ ಹೆಣೆದುಕೊಡಿ.

ಎರಡು ಮಕ್ಕಳಮ್ಮ, ಶಿರಸಿ
ಇದು ನನಗೆ ಹೊಳೆದಿರಲೇ ಇಲ್ಲ. ಕಿತ್ತಳೆ ಟೋಪಿ ಹೆಣೆಯುತ್ತೇನೆ.

ನೂಲು ದಾವಣಗೆರೆ
ಕಡು ಬಣ್ಣದ ದಾರ ತಂದಿದ್ದರೆ ಮೊದಲೇ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ ನೋಡಿ. ಬಣ್ಣ ಬಿಟ್ಟರೆ ಉಪ್ಪು, ವಿನಿಗರ್ ಹಾಕಿ ನಿಲ್ಲಿಸಲು ಹೋಗಬೇಡಿ. ಹತ್ತಿಯ ಬಣ್ಣ ಅದಕ್ಕೆ ನಿಲ್ಲುವುದಿಲ್ಲ. ಬೇರೆ ದಾರ ತನ್ನಿ.

ತೊಳೆಯುವ ವಿಷಯ. ನೀರಿನಿಂದ ಬಂದ ತಕ್ಷಣ ಸಿಹಿನೀರಿನಲ್ಲಿ ಅದ್ದಿ ಉಪ್ಪು ತೆಗೆಯಿರಿ. ಹಿಂಡಬೇಡಿ. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರವಿ ಒಣಗಿಸಿ. ನೈಲಾನ್ ಸೇರಿದ್ದನ್ನು ಬಿಸಿಲಿನಲ್ಲಿ ಬಿಡಬೇಡಿ, ಬಿಸಿಲಿಗೆ ಅದರ ಬಲ ಇಳಿಯುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಹತ್ತು ಹದಿನೈದು ನಿಮಿಷ ಬಿಟ್ಟು ಉಡುಪು ಹಾಕಿ. ಕೆಲವು ಸನ್‌ಸ್ಕ್ರೀನಿನಲ್ಲಿ ಬಿಸಿಲು ತಡೆಯಲು ಅವೊಬೆಂಜೋನ್ ಅನ್ನುವ ರಾಸಾಯನಿಕ ಇರುತ್ತದೆ. ಬೋರ್‌ವೆಲ್ ನೀರಿನ ಕಬ್ಬಿಣದ ಜೊತೆ ಸೇರಿದರೆ ಬಿಳಿ ದಾರದ ಮೇಲೆ ತುಕ್ಕಿನಂಥ ಹಳದಿ ಕಲೆ ಬೀಳುತ್ತದೆ. ಬ್ಲೀಚ್ ಹಾಕಿದರೆ ಇನ್ನೂ ಗಟ್ಟಿಯಾಗುತ್ತದೆ.

ದಾರದುಂಡೆ, ಬೆಂಗಳೂರು
ಮಲ್ಪೆಯಿಂದ ಬಂದೆವು. ಈ ಸಲ ನಾನೂ ಜೊತೆಗೆ ಹೋಗಿದ್ದೆ, ಬ್ಯಾಗಿನಲ್ಲಿ ಸೂಜಿ, ದಾರ, ಪಿನ್ನು ಎಲ್ಲ ಇಟ್ಟುಕೊಂಡು. ಅತ್ತಿಗೆಯವರ ಹತ್ತಿರ ಇದ್ದ ದಾರ ಸಾಲಲಿಲ್ಲ. ಕೆಳಗಿನ ಪೀಸಿಗೆ ಎಲಾಸ್ಟಿಕ್ ಕಾಟನ್ ಹೇಗೋ ಹೊಂದಿತು, ಮೇಲಿನದಕ್ಕೆ ಇಲ್ಲೇ ಸಿಕ್ಕಿದ ತೆಳು ಅಕ್ರಿಲಿಕ್ಕನ್ನು 2.5 ಮಿ.ಮೀ. ಕಡ್ಡಿಯಲ್ಲಿ ಬಿಗಿಯಾಗಿ ಹೆಣೆದೆ. ಎರಡಕ್ಕೂ ಲೈನಿಂಗ್ ಕೊಟ್ಟೆ. ಹೋಗುವ ಮೊದಲು ತಂಗಿ ಅದನ್ನು ಹಾಕಿಕೊಂಡು ಶವರ್ ಕೆಳಗೆ ಕುಣಿದಳು, ಏನೂ ಜಾರಲಿಲ್ಲ.

ಸಮುದ್ರದಲ್ಲಿ ಎರಡು ಗಂಟೆಗೂ ಜಾಸ್ತಿ ಇದ್ದಳು. ದಡದಲ್ಲಿ ನಿಂತು ನಾನು ಅವಳ ಕೈಯನ್ನೇ ನೋಡುತ್ತಿದ್ದೆ, ಸೊಂಟಕ್ಕೆ ಹೋಗುತ್ತದಾ ಅಂತ. ಒಂದು ಸಲವೂ ಹೋಗಲಿಲ್ಲ. ಎದ್ದು ಬಂದಾಗ ಭಾರ ಇತ್ತು ಅಂದಳು, ಆದರೆ ಕೂತ ಜಾಗದಲ್ಲೇ ಕೂತಿತ್ತು. ಎಡ ಭುಜದ ಪಟ್ಟಿ ಮಾತ್ರ ಸ್ವಲ್ಪ ಹಿಗ್ಗಿದೆ. ಅದನ್ನೇನು ಮಾಡಲಿ?

ಮೈಸೂರು ಹೆಣಿಗೆ
ಬಿಚ್ಚಬೇಡ. ಒಳಬದಿಯಲ್ಲಿ ತೆಳು ಎಲಾಸ್ಟಿಕ್ ದಾರವನ್ನು ಸೂಜಿಯಲ್ಲಿ ಕುಣಿಕೆ ಕುಣಿಕೆಗೆ ತೂರಿಸಿ ಎರಡೂ ತುದಿ ಗಂಟು ಹಾಕು. ಬಲಕ್ಕೂ ಈಗಲೇ ಹಾಕಿಬಿಡು, ಮುಂದಿನ ಸಲ ಅದೂ ಹಿಗ್ಗುತ್ತದೆ. ಫೋಟೋ ಕಳಿಸು ಮಗಳೇ, ಆ ಅಂಚು ಹೇಗೆ ಬಂದಿದೆ ನೋಡಬೇಕು.